ಅತ್ತಿಯ ಕಣ್ಣಿಂದ ಹೊರಟ ಕಿರಣಗಳು

ನಮ್ಮ ಅತ್ತಿ ಸೂರ್ಯನನ್ನು ನಂಬುವುದಿಲ್ಲ! ನಗಬೇಡ್ರಿ, ಖರೇನ ಹೇಳ್ತೇನಿ. ಬೆಳಕು ಸೂರ್ಯನಿಂದ ಹೊರಟು, ವಸ್ತುವಿನ ಮೇಲೆ ಬಿದ್ದು, ನಮ್ಮ ಕಣ್ಣಿಗೆ ಬರುತ್ತದೆ ಅಂತ ನೀವೂ ನಾನೂ ಸಾಲಿಯಲ್ಲಿ ಬಾಯಿಪಾಠ ಮಾಡಿಲ್ಲವೇ? ಅತ್ತಿಯ ಪ್ರಕಾರ ಅದು ದುಂದುಗಾರರ ವಿಜ್ಞಾನ.

"ಸೂರ್ಯಾ ಊರ ತುಂಬ ಬೆಳಕ ಚೆಲ್ತಾನ. ಅದರಾಗ ನಮ್ಮ ಕಣ್ಣಿಗೆ ಬರೂದು ಎಷ್ಟು? ಎಲ್ಲಾ ಕಿರಣದ ಬೆನ್ನ ಹತ್ತಿದ್ರ ಜನ್ಮ ಸಾಲೂದಿಲ್ಲ. ಕಣ್ಣಿಂದ ಹಿಂದಕ್ಕ ಹೋಗು. ಬೇಕಾದ ಕಿರಣ ಅಷ್ಟ ಸಿಗ್ತಾವ!"

ಅತ್ತಿ ಅಂದರೆ ನನ್ನ ಅಪ್ಪನ ತಂಗಿ. ತಾರಿಹಾಳದ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಯಂತ್ರದ ಬಿಡಿಭಾಗಗಳ ನಕ್ಷೆ ಬರೆದು, ನಿವೃತ್ತಳಾಗಿ, ಈಗ ಧಾರವಾಡದಲ್ಲಿ ನಮ್ಮ ಜೊತೆಗೇ ಇದ್ದಾಳೆ. ಕೂದಲೆಳೆಯಷ್ಟು ತಪ್ಪಿದರೂ ಅವಳ ಕಣ್ಣು ಸಹಿಸುವುದಿಲ್ಲ. ಅವಳಿಗೆ ರೊಟ್ಟಿ ಬಡಿಯಲು ಅವ್ವ ಬಿಡುವುದೇ ಇಲ್ಲ. ಯಾಕೆಂದರೆ ಒಂದು ರೊಟ್ಟಿ ಪೂರ್ತಿ ದುಂಡಗಾಗುವ ತನಕ ಉಳಿದವರೆಲ್ಲ ಉಪವಾಸ!

ಕಿರಣದ ಹುಚ್ಚು ಹತ್ತಿದ್ದು ಒಂದು ಕಿಡಕಿಯಿಂದ. ಪಕ್ಕದ ಮನೆಯವರು ಇನ್ನೊಂದು ಅಂತಸ್ತು ಏರಿಸಿದ ಮೇಲೆ ನಮ್ಮ ಪಡಸಾಲಿಗೆ ಹಾಡಹಗಲೇ ಕತ್ತಲು. ಗೋಡೆ ಒಡೆದು ಹೊಸ ಕಿಡಕಿ ಇಡಲು ಅಪ್ಪ ಗೌಂಡಿಯನ್ನು ಕರೆಸಿದ.

"ಎಲ್ಲಿ ಒಡೀಲಿರಿ?" ಅಂದ ಗೌಂಡಿ.

"ಎಲ್ಲೆರ ಒಡಿ. ನಾ ಪೇಪರ್ ಓದುವಷ್ಟು ಬೆಳಕ ಬಂದ್ರ ಸಾಕು," ಅಂದ ಅಪ್ಪ.

ಅತ್ತಿ ಗೋಡೆಗೆ ಅಡ್ಡ ನಿಂತಳು. "ಮೊದಲ ನೋಡೂಣು, ಆಮ್ಯಾಲೆ ಒಡಿಯೂಣು!"

"ಒಡೀದ ಹೆಂಗ ನೋಡ್ತಿವಾ?" ಅಂದ ಅಪ್ಪ.

"ಕಂಪ್ಯೂಟರಿನ್ಯಾಗ!"

ಕಂಪ್ಯೂಟರು ಅಂದರೆ ನನ್ನ ಹಳೆಯ ಲ್ಯಾಪ್‌ಟಾಪು. ಅದರೊಳಗೆ ಅತ್ತಿ ಎಲ್ಲಿಂದಲೋ ಬೆಳಕಿನ ಲೆಕ್ಕ ಹಾಕಿ ಚಿತ್ರ ಬಿಡಿಸುವ ಒಂದು ಪುಕ್ಕಟೆ ತಂತ್ರಾಂಶ ತಂದು ಕೂಡಿಸಿದ್ದಳು. ಅದಕ್ಕೆ ಒತ್ತಲು ಗುಂಡಿ ಇಲ್ಲ, ಚಿಹ್ನೆ ಇಲ್ಲ, ಬರೀ ಕಪ್ಪು ಪರದೆ. ಏನಿದ್ದರೂ ಅಕ್ಷರದಲ್ಲಿ ಬರೆದು ಅಪ್ಪಣೆ ಕೊಡಬೇಕು. ಮನೆಗೆ ಬಂದವರೆಲ್ಲ ಆ ಕಪ್ಪು ಪರದೆ ನೋಡಿ "ಅಯ್ಯ, ಕೆಟ್ಟೈತೇನ್ರಿ?" ಅಂತ ಮರುಗುವವರೇ. ಅತ್ತಿ ನಮ್ಮ ಪಡಸಾಲಿಯ ಗೋಡೆ, ಕಂಬ, ಕಪಾಟು ಎಲ್ಲ ಅಳೆದು ಅದಕ್ಕೆ ಉಣಿಸಿದಳು. ಆಮೇಲೆ ಹೇಳಬೇಕಾದದ್ದು ಇಷ್ಟೇ: ಕಣ್ಣು (ತಂತ್ರಾಂಶದ ಭಾಷೆಯಲ್ಲಿ ಕ್ಯಾಮೆರಾ) ಎಲ್ಲಿದೆ, ಯಾವ ಕಡೆ ನೋಡುತ್ತಿದೆ, ನೆತ್ತಿ ಯಾವ ಕಡೆಗಿದೆ, ನೋಟ ಎಷ್ಟು ಅಗಲ, ಚಿತ್ರದಲ್ಲಿ ಎಷ್ಟು ಚೌಕ. ಪ್ರತಿ ಚೌಕಕ್ಕೂ ಒಂದೊಂದು ಕಿರಣ. ಒಂದು ಅಪ್ಪಣೆಗೆ ಪರದೆಯ ಮೇಲೆ ಸಾಲುಸಾಲಾಗಿ ಅಂಕಿ ಸುರಿದವು. ಪ್ರತಿ ಸಾಲಿನಲ್ಲಿ ಆರು: ಮೂರು ಹೊರಟ ಜಾಗ, ಮೂರು ಹೋಗುವ ದಿಕ್ಕು.

ಅಪ್ಪ ಕನ್ನಡಕ ಏರಿಸಿಕೊಂಡು ನೋಡಿದ. "ಇಷ್ಟೊಂದು ಮಂದಿ ಫೋನ್ ನಂಬರ್ ಯಾಕ ಬೇಕಾತು ನಿನಗ?"

ಅಣ್ಣನಿಗೆ ತಿಳಿಸಿಯೇ ತೀರುತ್ತೇನೆಂದು ಅತ್ತಿ ಮರುದಿನ ಕಂಬಕ್ಕೊಂದು ಮೊಳೆ ಹೊಡೆದಳು. ಅದು ಕಣ್ಣು. ಅದರ ಮುಂದೆ ಅವ್ವನ ಜೋಳದ ಸಾಣಿಗಿ ತೂಗುಬಿಟ್ಟಳು. ಅದು ಚಿತ್ರ. ಮೊಳೆಯಿಂದ ದಾರ ಹೊರಟು, ಸಾಣಿಗಿಯ ಒಂದೊಂದು ತೂತಿನಲ್ಲಿ ತೂರಿ, ನೆಟ್ಟಗೆ ಹೋಗಿ ಎಲ್ಲಿ ಮುಟ್ಟುತ್ತದೋ ಅಲ್ಲಿ ಅಂಟು. ಒಂದು ದಾರ ಕ್ಯಾಲೆಂಡರಿಗೆ, ಒಂದು ಕಪಾಟಿಗೆ, ಇನ್ನು ಕೆಲವು ಪೇಪರ್ ಹಿಡಿದು ತೂಕಡಿಸುತ್ತಿದ್ದ ಅಪ್ಪನಿಗೆ.

"ಅಣ್ಣಾ, ಏಳಬ್ಯಾಡ! ನಿನ್ನ ಬೋಳ ತಲಿಗೆ ಮೂರ ಕಿರಣ ಬಡದಾವ!"

ಅವ್ವ ದಾರದ ಬಲೆಯ ಆಚೆ ನಿಂತು, "ಸಾಣಿಗಿ ಕೊಡ್ತೀಯೇನವಾ, ಜ್ವಾಳ ಹಸನ ಮಾಡಬೇಕು," ಅಂದಳು. ಕೊಡಲಿಲ್ಲ. ಅವತ್ತು ಅನ್ನ ಉಂಡೆವು.

ಮೊದಲ ಚಿತ್ರ ಬಂತು. ಪೂರ್ತಿ ಕಪ್ಪು! ಅತ್ತಿ ಮುಂಜಾನೆಯಿಂದ ಮಧ್ಯಾಹ್ನದ ತನಕ ಅಂಕಿ ತಿರುವಿಹಾಕಿದಳು. ಕೊನೆಗೆ ತಪ್ಪು ಸಿಕ್ಕ ಖುಷಿಗೆ ಹಿತ್ತಲಿಗೆ ಓಡಿ ಕೂಗಿದಳು: "ಸಿಕ್ತು! ನನ್ನ ಕ್ಯಾಮೆರಾ ಗ್ವಾಡಿ ದಾಟಿ ಪಕ್ಕದ ಮನಿ ಅಡಗಿಮನ್ಯಾಗ ಹೋಗಿ ಕುಂತೈತಿ!"

ಐದೇ ನಿಮಿಷ. ಪಕ್ಕದ ಮನೆಯ ಕಾಕು ಲಟ್ಟಣಿಗೆ ಹಿಡಿದೇ ಬಂದರು. "ಎಲ್ಲಿ ಇಟ್ಟೀರಿ ಅಕ್ಕಾರ ಕ್ಯಾಮೆರಾ? ಮೊದಲ ತಗೀರಿ!"

ಅತ್ತಿಗೆ ಸುಳ್ಳು ಗೊತ್ತಿಲ್ಲ. "ಹೆದರಬ್ಯಾಡ್ರಿ ಕಾಕು. ಸದ್ಯೇಕ ಏನೂ ಕಾಣವಲ್ದು, ಬರೀ ಕತ್ತಲಿ. ಸಂಜಿ ಅನ್ನೂದರಾಗ ಸರಿ ಮಾಡ್ತೇನಿ!"

ಅವರನ್ನು ಸಮಾಧಾನ ಮಾಡಲು ಎರಡು ಸಲ ಚಹಾ, ಒಂದು ತಾಟು ಚುರಮರಿ ಬೇಕಾಯಿತು.

ಆದರೆ ಕಣ್ಣನ್ನು ಪಡಸಾಲಿಗೆ ತಂದು ಕೂಡಿಸಿದ ಮೇಲೆ ಚಿತ್ರ ಮೂಡಿತು ನೋಡ್ರಿ! ನಮ್ಮದೇ ಕಂಬ, ನಮ್ಮದೇ ಕಪಾಟು, ಇನ್ನೂ ಹುಟ್ಟದ ಕಿಡಕಿಯಿಂದ ಬಿದ್ದ ಬಿಸಿಲು. ಅತ್ತಿ ಕಿಡಕಿಯನ್ನು ಹತ್ತು ಕಡೆ ಸರಿಸಿ ನೋಡಿ, ಒಂದು ಜಾಗಕ್ಕೆ ಸೀಮೆಸುಣ್ಣದ ಗೆರೆ ಎಳೆದಳು. ಗೌಂಡಿ ಒಡೆದ. ಮರುದಿನ ಮುಂಜಾನೆ ಬಿಸಿಲು ಬಂದು ನೆಟ್ಟಗೆ ಅಪ್ಪನ ಪೇಪರಿನ ಮೇಲೆ ಕೂತಿತು.

"ನನ್ನ ಕೇಳಿದ್ರ ಒಂದ ಬೀಡಿ ಸೇದೂದರಾಗ ಹೇಳ್ತಿದ್ದೆ ಅಕ್ಕಾರ," ಅಂದ ಗೌಂಡಿ.

"ಮತ್ತ ಅವತ್ತ 'ಎಲ್ಲಿ ಒಡೀಲಿ' ಅಂತ ನಮ್ಮನ್ಯಾಕ ಕೇಳಿದಿ?"

ಅಲ್ಲಿಗೆ ಹುಚ್ಚು ಇಳಿಯಬೇಕಿತ್ತಲ್ಲವೇ? ಇಳಿಯಲಿಲ್ಲ. ಈಗ ಅತ್ತಿಗೆ ತನ್ನ ಕಣ್ಣಿಗೆ ಹೇಗೆ ಕಾಣುತ್ತದೋ ಹಾಗೇ ಚಿತ್ರ ಬೇಕು. ಅದಕ್ಕೆ ತನ್ನ ನೋಟ ಎಷ್ಟು ಅಗಲ ಅಂತ ಅಳೆಯಬೇಕು. ಗೋಡೆಗೆ ಅವ್ವನ ಹಣೆಯ ಟಿಕಳಿ ಅಂಟಿಸಿ, ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಟಿಕಳಿಯಲ್ಲಿ ನೆಟ್ಟು ಕೂತಳು. ನಾನು ಬದಿಯಿಂದ ಮೆಲ್ಲಗೆ ಚಮಚ ತರಬೇಕು. ಕಂಡ ಕೂಡಲೇ ಅವಳು "ಹೂಂ" ಅನ್ನಬೇಕು.

ಬಲಗಣ್ಣು ಸರಿಯಾಗಿ ಹೂಂಗುಟ್ಟಿತು. ಎಡಗಣ್ಣಿಗೆ ಮೂಗಿನ ಕಡೆಯಿಂದ ಚಮಚ ತಂದೆ. ತಂದೆ, ತಂದೆ, ಟಿಕಳಿಯ ಹತ್ತಿರಕ್ಕೇ ಬಂದೆ. ಅತ್ತಿ ಸುಮ್ಮನಿದ್ದಳು.

"ಅತ್ತಿ, ಹೂಂ ಅನ್ನವಲ್ಲಿ?"

"ನೀ ಚಮಚ ತಂದ್ರ ಅಲ್ಲೇನ ಅನ್ನೂದು!"

"ತಂದೇನಿ."

"ಮೂಗ ಅಡ್ಡ ಬಂದಿರಬೇಕು. ಮ್ಯಾಲಿಂದ ತಾ."

ಮೇಲಿನಿಂದ ತಂದೆ. ಅಲ್ಲೂ ಹಾಗೇ. ಹುಬ್ಬು ಅಡ್ಡ ಬಂತು ಅಂದಳು. ಚಮಚ ಸಣ್ಣದು ಅಂದಳು. ಸೌಟು ತಂದೆ. ಅದೂ ಕಾಣಲಿಲ್ಲ. ಕಡೆಗೆ ಅತ್ತಿ ನನ್ನನ್ನು ಆ ಕುರ್ಚಿಯಲ್ಲಿ ಕೂಡಿಸಿ ನನ್ನ ಎಡಗಣ್ಣು ಅಳೆದಳು. ಎರಡನ್ನೂ ಗ್ರಾಫ್ ಹಾಳೆಯ ಮೇಲೆ ಗುರುತು ಹಾಕಿದಳು. ನನ್ನದು ಇಡೀ ಪೇರಲಹಣ್ಣಿನಂತಿತ್ತು. ಅವಳದನ್ನು ಯಾರೋ ಒಂದು ಕಡೆ ಕಚ್ಚಿದ ಹಾಗಿತ್ತು.

"ನಾಳೆ ಸತ್ತೂರಿಗೆ ಹೋಗೂಣು," ಅಂದಳು.

ಸತ್ತೂರಿನ ದವಾಖಾನೆಯಲ್ಲಿ ಸಣ್ಣ ವಯಸ್ಸಿನ ಡಾಕ್ಟರಮ್ಮ ಒಬ್ಬರು ಯಂತ್ರದಲ್ಲಿ ಕಣ್ಣು ನೋಡಿ, ಕಣ್ಣಿನೊಳಗಿನ ಒತ್ತಡ ಏರಿ ನರಕ್ಕೆ ಪೆಟ್ಟಾಗಿದೆ ಅಂದರು. "ಹೋದ ನೋಟ ತಿರುಗಿ ಬರೂದಿಲ್ಲರಿ. ಆದ್ರ ಭಾಳ ಮಂದಿ ಬಾಗಲಕ್ಕ ಡಿಕ್ಕಿ ಹೊಡೀಲಿಕ್ಕೆ ಹತ್ತಿದ ಮ್ಯಾಲೆ ಬರ್ತಾರ. ನೀವು ಛಲೋ ಹೊತ್ತಿಗೆ ಬಂದೀರಿ. ದಿನಾ ತಪ್ಪದ ಹನಿ ಹಾಕ್ಕೊಂಡ್ರ ಇದ್ದದ್ದನ್ನ ಕಾಯ್ಕೋಬಹುದು. ಅಂದಹಾಂಗ, ನಿಮಗ ಗೊತ್ತಾದದ್ದು ಹೆಂಗ?"

ಅತ್ತಿ ಚೀಲದಿಂದ ಗ್ರಾಫ್ ಹಾಳೆ ತೆಗೆದಳು. ಡಾಕ್ಟರು ಅದನ್ನು ಯಂತ್ರದ ಹಾಳೆಯ ಪಕ್ಕ ಇಟ್ಟರು. ಎರಡೂ ಹೆಚ್ಚುಕಡಿಮೆ ಒಂದೇ!

"ಸ್ವಲ್ಪ ಫರಕ ಐತಿ," ಅಂದಳು ಅತ್ತಿ ನನ್ನ ಕಡೆ ನೋಡಿ. "ಚಮಚ ಹಿಡಿದಾಕಿ ಈಕಿ."

ನಾನು ನಕ್ಕೆ. ಬಸ್ಸಿನಲ್ಲಿ ಬರುವಾಗ ಮಾತ್ರ ಅವಳು ನನ್ನ ಕೈ ಹಿಡಿದುಕೊಂಡೇ ಕೂತಿದ್ದಳು. ಹಾಗೆಲ್ಲ ಹಿಡಿಯುವವಳಲ್ಲ.

ಮನೆಗೆ ಬಂದವಳು ಚಪ್ಪಲಿ ಬಿಟ್ಟು ನೆಟ್ಟಗೆ ಕಂಪ್ಯೂಟರಿಗೆ ಹೋದಳು. ತಾನು ದಿನಾ ಕೂಡುವ ಕುರ್ಚಿಯ ಜಾಗ ಕೊಟ್ಟಳು, ಎಡಗಣ್ಣಿಗೆ ಉಳಿದ ಅಗಲ ಕೊಟ್ಟಳು. ಚಿತ್ರ ಬಂತು. ಕಪಾಟು ಇತ್ತು, ಬಾಗಿಲು ಇತ್ತು. ಅವ್ವ ಪಲ್ಲೆ ಸೋಸುತ್ತ ಕೂಡುವ ಚಾಪೆಯ ಜಾಗ ಚಿತ್ರದ ಹೊರಗೆ ಉಳಿದಿತ್ತು. ಅತ್ತಿ ಅದನ್ನು ನೋಡುತ್ತಲೇ ಇದ್ದಳು. ಬಲಗಣ್ಣು ಛಲೋ ಇದೆ ಅತ್ತಿ, ಎರಡೂ ಕಣ್ಣು ತೆರೆದರೆ ಎಲ್ಲ ಕಾಣುತ್ತದೆ ಅಂತ ಹೇಳಬೇಕೆಂದುಕೊಂಡೆ.

ಅಷ್ಟರಲ್ಲಿ ಅತ್ತಿ ಎದ್ದಳು. ಕುರ್ಚಿಯನ್ನು ಫರಶಿಯ ಮೇಲೆ ಕರಕರ ಎಳೆದುಕೊಂಡು ಹೋಗಿ ಇನ್ನೊಂದು ಮೂಲೆಯಲ್ಲಿ ಹಾಕಿ ಕೂತಳು. ಬಲಗಣ್ಣಿನ ಮೇಲೆ ಅಂಗೈ ಇಟ್ಟುಕೊಂಡು, ಎಡಗಣ್ಣಿಂದ ಚಾಪೆಯ ಕಡೆ ನೋಡುತ್ತ ಅವ್ವನನ್ನು ಕರೆದಳು.

"ವೈನಿ, ಚಾಪಿ ಮ್ಯಾಲೆ ಕೂಡ್ರಿ. ನೀ ನಿಮ್ಮವ್ವನ ಮಗ್ಗಲಕ ಕೂಡು. ಇನ್ನಷ್ಟು ಸರಿ."

ಆಗಷ್ಟೇ ಕಾಯಿಪಲ್ಲೆ ಚೀಲ ಹಿಡಿದು ಒಳಗೆ ಬಂದ ಅಪ್ಪ ಬಾಗಿಲಲ್ಲೇ ನಿಂತ.

"ಅಣ್ಣಾ, ನೀನೂ ಬಾ."

ಅಪ್ಪ ಚೀಲ ತೊಡೆಯ ಮೇಲೆ ಇಟ್ಟುಕೊಂಡು ನಮ್ಮ ಪಕ್ಕ ಚಾಪೆಯ ಮೇಲೆ ಕೂತ. ಮೂವರೂ ಭುಜಕ್ಕೆ ಭುಜ ತಾಗಿಸಿಕೊಂಡು ಉಸಿರು ಬಿಗಿಹಿಡಿದೆವು.

"ಹಾಂ," ಅಂದಳು ಅತ್ತಿ. "ಎಲ್ಲಾರೂ ಬಂದ್ರಿ."