ನಾಲ್ಕು ತಾಲ್ಲೂಕಿನ ಕೈಗುಣ

ಹೊಗಳಿಕೆಗೆ ನಾನು ಸುಲಭವಾಗಿ ಸಿಕ್ಕಿಬೀಳುವ ಮನುಷ್ಯ. ಮನೆಯಲ್ಲಿ ಅದು ಸಿಗುವುದಿಲ್ಲ. ಹೆಂಡತಿಯ ಪ್ರಕಾರ ನನಗೆ ಸೊಪ್ಪು ತರುವುದಕ್ಕೂ ಬರುವುದಿಲ್ಲ. ತೊಂಬತ್ತರ ದಶಕದಲ್ಲಿ ನಾನು ಜೀಪಿನಲ್ಲಿ ತಿರುಗುವ ಆಸ್ಪತ್ರೆಯೊಂದರಲ್ಲಿ ಡಾಕ್ಟರ ಕೈಕೆಳಗೆ ಕಾಂಪೌಂಡರಾಗಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಸಂತೆ ಸುತ್ತುತ್ತಿದ್ದೆ. ಅಲ್ಲಿಯ ಜನಕ್ಕೆ ಮಾತ್ರೆ ಎಂದರೆ ಔಷಧವೇ ಅಲ್ಲ, ಸೂಜಿ ಚುಚ್ಚಬೇಕು, ಅದೂ ನನ್ನ ಕೈಯಿಂದಲೇ. ನಾನೇ ಕಲ್ಲಿಗೆ ತಿಕ್ಕಿ ಮೊನೆ ಮಾಡಿಕೊಂಡಿದ್ದ ಸೂಜಿಯೊಂದು ನೋವಾಗದಂತೆ ಇಳಿಯುತ್ತಿತ್ತು. ಬೆಳಿಗ್ಗೆ ಒಂದು ಸಲ ಕುದಿಸಿದರೆ ಸಂಜೆಯವರೆಗೂ ಎಲ್ಲರಿಗೂ ಅದೇ, ಸ್ಪಿರಿಟ್ ಹತ್ತಿಯಲ್ಲಿ ಒರೆಸಿಕೊಂಡೇ ಸಾಗುತ್ತಿತ್ತು. ಸಾಲು ಉದ್ದ, ಸ್ಟೋವಿನ ಸೀಮೆಎಣ್ಣೆ ಕಮ್ಮಿ, ನನ್ನ ತಾಳ್ಮೆ ಅದಕ್ಕಿಂತ ಕಮ್ಮಿ.

ಒಂದು ವರ್ಷ ಕಾಮಾಲೆ ಹಬ್ಬಿತು. ದೊಡ್ಡೇರಿ ಕಡೆಯ ಕುರಿ ಸಾಕುವ ಈರಣ್ಣನ ಹೆಂಡತಿ ಗಂಗಮ್ಮ ಮಂಡಿನೋವಿಗೆ ನನ್ನಿಂದ ಚುಚ್ಚಿಸಿಕೊಂಡು ಹೋಗಿದ್ದವಳು, ಮೂರು ತಿಂಗಳಿಗೆ ಕಣ್ಣು ಹಳದಿ ಮಾಡಿಕೊಂಡು ಬಂದಳು. ದೂರದ ಪ್ರಯೋಗಾಲಯದವರು ನಾಲ್ಕೂ ತಾಲ್ಲೂಕಿನ ರೋಗಿಗಳ ರಕ್ತ ಕೇಳಿದರು. ಅದರೊಳಗಿನ ವೈರಸ್ಸಿನ ವಂಶಸೂತ್ರವನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿ, ಒಂದು ಸೀಮೆಯದು ಇನ್ನೊಂದಕ್ಕಿಂತ ಎಷ್ಟು ಬೇರೆ ಎಂದು ನೋಡುತ್ತಾರಂತೆ. ಗಂಗಮ್ಮನದೂ ಸೇರಿಸಿ ಎಲ್ಲರ ರಕ್ತವನ್ನು ಐಸಿನ ಫ್ಲಾಸ್ಕಿನಲ್ಲಿ ನಾನೇ ಕಳಿಸಿದೆ. ಪಾವಗಡದವರ ಮಾತು ಅರ್ಧ ತೆಲುಗು, ಶಿರಾದವರದರಲ್ಲಿ ಉರ್ದು ಬೆರಕೆ, ಹೀಗಿರುವಾಗ ವೈರಸ್ಸು ಒಂದೇ ಇದ್ದೀತೆ ಎಂದು ಡಾಕ್ಟರ ಮುಂದೆ ಪಾಂಡಿತ್ಯವನ್ನೂ ತೋರಿಸಿದೆ. ವರದಿ ಬರುವ ಮೊದಲೇ ಗಂಗಮ್ಮ ತೀರಿಕೊಂಡಳು.

ವರದಿಯಲ್ಲಿ ನಾಲ್ಕು ತಾಲ್ಲೂಕಿನ ವೈರಸ್ಸೂ ತದ್ರೂಪ. ಡಾಕ್ಟರು ಕಾಗದ ಮಡಚಿ, "ಇದು ನೀರಿಂದ ಬರೋ ಕಾಮಾಲೆ ಅಲ್ಲ, ರಕ್ತದಿಂದ ರಕ್ತಕ್ಕೆ ಹತ್ತೋದು. ಈ ನಾಲ್ಕು ಕಡೆಗೂ ಹೋಗಿಬರೋದು ಏನ್ರೀ?" ಎಂದರು.

"ಬಸ್ಸು ಸಾರ್. ಕುರಿ ವ್ಯಾಪಾರದವರು."

ಅವರು ನನ್ನ ಸೂಜಿಡಬ್ಬಿಯನ್ನೇ ನೋಡುತ್ತಿದ್ದರು. "ನಾನೂ ಕಂಡೂ ಕಾಣದ ಹಾಗಿದ್ದೆ" ಎಂದು ಎದ್ದು ಹೋದರು. ಗಂಗಮ್ಮನನ್ನು ಕೊಂದದ್ದು ನಾನು. ಅವಳೊಬ್ಬಳನ್ನೇ ಎನ್ನುವ ಧೈರ್ಯವೂ ನನಗಿರಲಿಲ್ಲ.

ಮುಂದಿನ ಬಡವನಹಳ್ಳಿ ಸಂತೆಗೆ ಈರಣ್ಣ ಸೊಂಟನೋವೆಂದು ಬಂದ. ನಾನು ಸ್ಟೋವ್ ಹಚ್ಚಿ, ಹೊಸ ಸೂಜಿಯನ್ನು ನೀರಿಗೆ ಹಾಕಿ, "ಕುದೀಲಿ, ಕೂತ್ಕೋ ಈರಣ್ಣ" ಎಂದೆ.

"ಅವ್ಳಿಗೆ ಒಂದ್ ಗಳಿಗೇಲಿ ಚುಚ್ಚಿ ಕಳಿಸ್ಬುಟ್ರಿ ಸಾಮಿ. ನಂಗ್ಯಾಕೆ ಇಷ್ಟೊತ್ತು?"

ನೀರು ಕುದಿಯುವಷ್ಟು ಸಮಯವಿತ್ತು. ಹೇಳಬೇಕಾದ್ದನ್ನು ಹೇಳಲು ಅಷ್ಟು ಸಾಕಾಗಿತ್ತು. ನಾನು ಸ್ಟೋವಿಗೆ ಗಾಳಿ ಹೊಡೆಯುತ್ತ ಕೂತೆ. ಚುಚ್ಚಿದ ಮೇಲೆ ಅವನು ತೋಳಿನ ಹತ್ತಿ ಒತ್ತಿಕೊಂಡು, "ನೋವೇ ಆಗ್ಲಿಲ್ಲ. ನಿಮ್ ಕೈಗುಣ ಯಾರ್ಗೂ ಇಲ್ಲ ಬುಡಿ" ಎಂದ.

ಹೊಗಳಿಕೆಗೆ ಸಿಕ್ಕಿಬೀಳುವ ಮನುಷ್ಯ ಎಂದೆನಲ್ಲ. ಅದನ್ನೂ ತಲೆಯಾಡಿಸಿ ತೆಗೆದುಕೊಂಡೆ.