ವಿಮೆ ತಂದಾಗಿದೆ, ಕಾರಿನ ಕೀಲಿ ಕೊಡತಕ್ಕದ್ದು

ಇಂದ,
ಶ್ರೀಮತಿ ನೀಲಗಂಗಾ,
ನಿವೃತ್ತ ಪ್ರಥಮ ದರ್ಜೆ ಸಹಾಯಕಿ, ತಾಲ್ಲೂಕು ಕಚೇರಿ, ಗದಗ,
ಹಾಲಿ ವಾಸ: ವಿದೇಶದಲ್ಲಿರುವ ಮಗನ ಮನೆ, ಪಾಮರ್ಸ್ಟನ್ ನಾರ್ತ್.

ಗೆ,
ಶ್ರೀ ಕೇದಾರ,
ಕಾರಿನ ಮಾಲೀಕರು ಹಾಗೂ ಅರ್ಜಿದಾರರ ಏಕಮಾತ್ರ ಪುತ್ರರು,
ಅದೇ ಮನೆ, ಮುಂದಿನ ಕೋಣೆ.

ವಿಷಯ: ಅಮಾನತಾಗಿದ್ದ ಚಾಲನಾ ಪರವಾನಗಿ ಮರಳಿ ಬಂದಿದ್ದು, ಹೆಚ್ಚಿನ ಅಪಾಯದ ಚಾಲಕರಿಗೆ ಕೊಡುವ ವಿಮೆಯನ್ನೂ ಪಡೆದಿರುವುದರಿಂದ, ಕಾರಿನ ಕೀಲಿ ಹಿಂದಿರುಗಿಸುವ ಬಗ್ಗೆ.

ಉಲ್ಲೇಖ: ಸೋಮವಾರ ಚಹಾದ ವೇಳೆ ತಾವು ಹೊರಡಿಸಿದ ಮೌಖಿಕ ಆದೇಶ: "ಇನ್ಶೂರನ್ಸ್ ಕಾಗದಾ ತೋರ್ಸು, ಅಪ್ಲಿಕೇಶನ್ ಬರದು ಕೊಡು, ಆಮ್ಯಾಲೆ ನೋಡೋಣ."

ಮಾನ್ಯರೇ,

ತಾವು ಅಪ್ಲಿಕೇಶನ್ ಎಂದದ್ದು ತಮಾಷೆಗೆ ಎಂಬುದು ಸೊಸೆ ಪೂರ್ವಿಯ ಅಭಿಪ್ರಾಯ. ಆದರೆ ಸೇವಾವಧಿಯುದ್ದಕ್ಕೂ ಇತರರ ಅರ್ಜಿಗಳನ್ನು ಸ್ವೀಕರಿಸಿದ ಅರ್ಜಿದಾರರು ಅದನ್ನು ಆದೇಶವೆಂದೇ ಭಾವಿಸಿ, ಈ ಕೆಳಕಂಡಂತೆ ಅರಿಕೆ ಮಾಡಿಕೊಳ್ಳುತ್ತಾರೆ.

೧. ಅರ್ಜಿದಾರರ ಗೆಳತಿ ಶ್ರೀಮತಿ ಪದ್ಮಾವತಿಯವರು ಹುಬ್ಬಳ್ಳಿಯಲ್ಲಿ ಕಲಿತು, ಇಲ್ಲಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ಕಳೆದ ವರ್ಷ ಪಾರ್ಶ್ವವಾಯು ಬಡಿದು ಅವರ ಇಂಗ್ಲಿಷ್ ಪೂರ್ತಿ ಹೋಯಿತು, ಕನ್ನಡ ಉಳಿಯಿತು. ಮಗಳು ದೂರದ ಡನೀಡನ್‌ನಲ್ಲಿರುವ ಕಾರಣ, ಮತ್ತು ಇಬ್ಬರು ಹಿಡಿದೆತ್ತುವಂಥ ಆರೈಕೆ ಬೇಕಾದ ಕಾರಣ, ಅವರು ಫೀಲ್ಡಿಂಗ್ ಊರಿನ ಒಂದು ಆರೈಕೆ ಮನೆಯಲ್ಲಿದ್ದಾರೆ.

೨. ಅಲ್ಲಿ ಹನ್ನೆರಡಕ್ಕೆ ಊಟ. ಪದ್ಮಾವತಿಯವರು ಮೊಟ್ಟೆ ಮುಟ್ಟುವವರಲ್ಲ. ಮೊಟ್ಟೆಯ ಸ್ಯಾಂಡ್‌ವಿಚ್ ಬಂದಾಗ ಅವರು "ಒಲ್ಲೆರಿ" ಎಂದರು. ಬಡಿಸುವ ಹುಡುಗಿಗೆ ಅದು "ಆಲ್‌ರೈಟ್" ಎಂದು ಕೇಳಿಸಿ, ಇನ್ನೊಂದು ಇಟ್ಟಳು. ಒಲ್ಲೆರಿ ಎಂದಷ್ಟೂ ಸ್ಯಾಂಡ್‌ವಿಚ್ ಹೆಚ್ಚಾದವು. ಅರ್ಜಿದಾರರು ಗೋಡೆಗೆ ಚೀಟಿ ಅಂಟಿಸಿ ಇದನ್ನು ಸರಿಪಡಿಸಿದರು. ಆಗ ಪದ್ಮಾವತಿಯವರು "ಬ್ಯಾಡ" ಎನ್ನತೊಡಗಿದರು. ಅಲ್ಲಿನವರ ಕಿವಿಗೆ ಅದು ಬೆಡ್. ಕಾರಣ, ಊಟದ ಮೇಜಿನಿಂದ ಎತ್ತಿ ಅವರನ್ನು ಹಾಸಿಗೆಯಲ್ಲಿ ಮಲಗಿಸಲಾಯಿತು. ಇದಕ್ಕೂ ಚೀಟಿ ಅಂಟಿಸಿದ್ದಾಯಿತು. ಆದರೆ ಕೆಲಸದವರು ಪಾಳಿಗೊಬ್ಬರು ಬದಲಾಗುತ್ತಾರೆ. ಪದ್ಮಾವತಿಯವರ ಬೇಡಗಳು ಮುಗಿಯುವುದಿಲ್ಲ. ಆದ್ದರಿಂದ ಡಬ್ಬಿಯಲ್ಲಿ ಮೆತ್ತಗಿನ ಮೊಸರನ್ನ ಕಟ್ಟಿಕೊಂಡು, ಹನ್ನೆರಡರೊಳಗೆ ಖುದ್ದು ಹಾಜರಾಗುವುದು ಅನಿವಾರ್ಯವಾಯಿತು.

೩. ಫೀಲ್ಡಿಂಗ್ ರಸ್ತೆ ನೇರ, ಸಪಾಟು. ಎರಡೂ ಕಡೆ ದನಗಳನ್ನು ಬಿಟ್ಟರೆ ಯಾರೂ ಇಲ್ಲ. ವೇಗದ ಮಿತಿ ಮೀರಿದ್ದಕ್ಕೆ ಪೊಲೀಸರು ಮೂರು ಸಲ ತಡೆದರು. ಮೂರೂ ಸಲ ತಪ್ಪು ಅರ್ಜಿದಾರರದೇ. ಮೂರನೆಯ ಸಲ ಬಂದವರು ಮೊದಲ ಸಲದವರೇ.

"ಮತ್ತೆ ಲಂಚ್?" ಎಂದು ಕೇಳಿದರು.

"ಮತ್ತೆ ಲಂಚ್," ಎಂದರು ಅರ್ಜಿದಾರರು.

ಅವರು ಪಕ್ಕದ ಸೀಟಿನ ಡಬ್ಬಿ ನೋಡಿ, ಗಡಿಯಾರ ನೋಡಿ, ದಂಡದ ಚೀಟಿಯನ್ನು ಸಾಧ್ಯವಾದಷ್ಟು ಬೇಗ ಬರೆದುಕೊಟ್ಟರು. ಪ್ರತಿ ತಪ್ಪಿಗೂ ಚಾಲಕರ ಲೆಕ್ಕಕ್ಕೆ ಸೇರುವ ಡೀಮೆರಿಟ್ ಅಂಕಗಳು ನೂರು ದಾಟಿದ ಕಾರಣ, ಪರವಾನಗಿ ಮೂರು ತಿಂಗಳು ಅಮಾನತಾಯಿತು.

೪. ಅಂದು ಸಂಜೆ ತಾವು, "ಅವ್ವಾ, ಯಾರಿಗರೆ ಬಡದಿದ್ರ ಏನ್ ಮಾಡ್ತಿದ್ದಿ?" ಎಂದು ಕೇಳಿದಿರಿ. ಅರ್ಜಿದಾರರು ಅಡುಗೆಮನೆಯ ಮೊಳೆಯಲ್ಲಿದ್ದ ಕೀಲಿ ತೆಗೆದು ತಮಗೆ ಒಪ್ಪಿಸಿದರು.

೫. ಅಮಾನತಿನ ಅವಧಿಯಲ್ಲಿ ತಾವು ಪ್ರತಿ ಶನಿವಾರ ಅರ್ಜಿದಾರರನ್ನು ಕರೆದೊಯ್ದು, ಹೊರಗೆ ಕಾರಿನಲ್ಲೇ ಕೂತು ಫೋನ್ ನೋಡಿದ್ದೀರಿ. ಇದಕ್ಕೆ ಕೃತಜ್ಞತೆಗಳು. ಉಳಿದ ದಿನ ಊಟದ ಹೊತ್ತಿಗೆ ತಲುಪುವ ಬಸ್ ಸಿಗಲಿಲ್ಲ. ಪದ್ಮಾವತಿಯವರ ಬಳೆಗಳು ಮೊಣಕೈವರೆಗೆ ಜಾರತೊಡಗಿದವು.

೬. ಅವಧಿ ಮುಗಿದೊಡನೆ ಸರ್ಕಾರ ಪರವಾನಗಿ ಮರಳಿ ಕೊಟ್ಟಿತು. ವಿಮೆ ತೋರಿಸು ಎಂದು ಸರ್ಕಾರ ಕೇಳಲಿಲ್ಲ. ಈ ದೇಶದಲ್ಲಿ ಅಂಥ ಕಾನೂನಿಲ್ಲ. ಕೇಳಿದವರು ತಾವು. ತಮ್ಮ ವಿಮಾ ಕಂಪನಿಯವರು ಅರ್ಜಿದಾರರ ಹೆಸರನ್ನು ಪಾಲಿಸಿಯಿಂದ ಕೈಬಿಟ್ಟಿದ್ದ ಕಾರಣ, ಮನೆಯ ಮಟ್ಟದಲ್ಲಿ ಅಮಾನತು ಮುಂದುವರಿಯಿತು.

೭. ಅರ್ಜಿದಾರರು ಬೇರೆ ಕಂಪನಿಗಳಿಗೆ ಫೋನ್ ಮಾಡಿದರು. ಎರಡು ಕಂಪನಿಗಳು ಅಮಾನತು ಎಂಬ ಪದ ಕೇಳಿಯೇ ಶುಭ ಹಾರೈಸಿ ಫೋನ್ ಇಟ್ಟು, ನಿರಾಕರಣೆಯನ್ನು ಇಮೇಲ್‌ನಲ್ಲಿ ಕಳಿಸಿದವು. ಮೂರನೆಯದು, ಬೇರೆಯವರು ಒಲ್ಲದ ಚಾಲಕರಿಗೆಂದೇ ಇರುವುದು. ಅಲ್ಲಿನ ಹೆಣ್ಣುಮಗಳು, "ಹಿಂದೆ ಎಂದಾದರೂ ನಿಮಗೆ ವಿಮೆ ನಿರಾಕರಿಸಿದ್ದಾರೆಯೇ?" ಎಂದಳು.

"ಹೌದು. ಇವತ್ತು ಬೆಳಿಗ್ಗೆ. ಎರಡು ಸಲ."

"ವೇಗವಾಗಿ ಹೋದದ್ದಕ್ಕೆ ಕಾರಣ?"

ಅರ್ಜಿದಾರರು ಒಲ್ಲೆರಿಯಿಂದ ಆರಂಭಿಸಿ ಎಲ್ಲವನ್ನೂ ವಿವರಿಸಿದರು. ನಂತರ ಆಕೆ, ಕಾರಣ ಬರೆಯಲು ಇರುವ ಜಾಗದಲ್ಲಿ ಇದು ಹಿಡಿಸುವುದಿಲ್ಲ ಎಂದು ತಿಳಿಸಿ, "ಕೌಟುಂಬಿಕ" ಎಂದು ನಮೂದಿಸಿದಳು. ಅರ್ಜಿದಾರರನ್ನೀಗ, ರಸ್ತೆಯಲ್ಲಿ ಟೈರ್ ಸುಟ್ಟು ಹೊಗೆ ಎಬ್ಬಿಸುವ ಹತ್ತೊಂಬತ್ತರ ಹುಡುಗರ ದರ್ಜೆಗೆ ಸೇರಿಸಲಾಗಿದೆ. "ರಿಟೈರ್ ಆದಮ್ಯಾಲೆ ಪ್ರಮೋಶನ್ ಬಂತಲ್ರಿ ಅತ್ತಿ," ಎಂದು ಪೂರ್ವಿ ನಕ್ಕದ್ದನ್ನು ಕಡತಕ್ಕೆ ಸೇರಿಸಿಲ್ಲ.

೮. ಕಳೆದ ಶನಿವಾರ ಅರ್ಜಿದಾರರು ಡಬ್ಬಿಯನ್ನು ಕಾರಿನಲ್ಲೇ ಮರೆತರು. ತಾವು ಅದನ್ನು ತಂದುಕೊಡಲು ಮೊದಲ ಬಾರಿಗೆ ಒಳಗೆ ಬಂದಿರಿ. ಪದ್ಮಾವತಿಯವರು ತಮ್ಮನ್ನು ಮಣಿಕಟ್ಟು ಹಿಡಿದು ನಿಲ್ಲಿಸಿ, "ಉಂಡೀಯೇನಪಾ?" ಎಂದರು. ತಾವು "ಇಲ್ರಿ" ಎಂದಿರಿ. ಅವರು ಒಂದು ಚಮಚ ಮೊಸರನ್ನ ತಮ್ಮ ಬಾಯಿಗೆ ಹಿಡಿದರು. ಹುಟ್ಟಿದಾಗಿನಿಂದ ಮೊಸರು ಕಂಡರೆ ಎದ್ದು ಹೋಗುವ ತಾವು ಅದನ್ನು ತಿಂದಿರಿ. ಇನ್ನೊಂದು ಚಮಚವನ್ನೂ ತಿಂದಿರಿ. ಆಮೇಲೆ ಕಾರಿನಲ್ಲಿ ಬೆಲ್ಟ್ ಹಾಕಿಕೊಂಡು, ಕಾರು ಶುರು ಮಾಡದೆ ಬಹಳ ಹೊತ್ತು ಕೂತಿದ್ದಿರಿ.

ಆದ್ದರಿಂದ, ಸೋಮವಾರ, ಬುಧವಾರ ಮತ್ತು ಶುಕ್ರವಾರ ಹನ್ನೊಂದಕ್ಕೆ ಮುಂಚೆಯೇ ಹೊರಟು ಮಿತಿಯೊಳಗೆ ಕಾರು ನಡೆಸುವುದಾಗಿ ಅರ್ಜಿದಾರರು ಒಪ್ಪಿಕೊಂಡಿದ್ದು, ವೇಗ ಮೀರಿದರೆ ಕೂಗುವ ಯಂತ್ರವನ್ನು ಪೂರ್ವಿ ಕಾರಿಗೆ ಜೋಡಿಸಿರುವುದರಿಂದ, ಕೀಲಿಯನ್ನು ಅಡುಗೆಮನೆಯ ಮೊಳೆಗೆ ಮರಳಿ ತೂಗುಹಾಕಬೇಕೆಂದು ಕೋರಲಾಗಿದೆ.

ತಮ್ಮ ವಿಶ್ವಾಸಿಯೂ, ಬೇರೆ ದಾರಿಯಿಲ್ಲದೆ ತಾಯಿಯೂ ಆದ,
ನೀಲಗಂಗಾ

ಅಡಕಗಳು:
೧. ಮರಳಿ ಬಂದ ಪರವಾನಗಿಯ ನಕಲು. ಭಾವಚಿತ್ರ ಚೆನ್ನಾಗಿ ಬಂದಿಲ್ಲ.
೨. ವಿಮಾ ಪ್ರಮಾಣಪತ್ರ. "ಹೆಚ್ಚಿನ ಅಪಾಯ" ಎಂಬಲ್ಲಿ ಅಡಿಗೆರೆ ಎಳೆದವರು ಪೂರ್ವಿ.
೩. ನಿರಾಕರಣೆಯ ಇಮೇಲ್‌ಗಳು, ಎರಡು.

ವಿ.ಸೂ.: ಶನಿವಾರಕ್ಕೆ ಕೀಲಿ ಬೇಡ. ಅಂದು ತಾವೇ ಕಾರು ನಡೆಸಿ, ಒಳಗೂ ಬರತಕ್ಕದ್ದು; ಡಬ್ಬಿಯಲ್ಲಿ ಮೂವರಿಗಾಗುವಷ್ಟು ಇರುತ್ತದೆ. ತಾವು ನೂರು ಕಿ.ಮೀ. ಮಿತಿಯ ರಸ್ತೆಯಲ್ಲಿ ಎಪ್ಪತ್ತರಲ್ಲಿ ಹೋಗುವ ಕಾರಣ, ಹತ್ತು ಗಂಟೆಗೇ ಸಿದ್ಧರಿರಬೇಕಾಗಿ ವಿನಂತಿ.