ತಿಳವಳ್ಳಿಯಲ್ಲೊಂದು ದಾವಣಗೆರೆ

ನಮ್ಮ ಸೋದರಮಾವನಿಗೆ ಗೊತ್ತಿರುವಷ್ಟು ದಾವಣಗೆರೆ ಸ್ವತಃ ದಾವಣಗೆರೆಗೂ ಗೊತ್ತಿಲ್ಲ. ಇದು ನನ್ನ ಅಭಿಪ್ರಾಯವಲ್ಲ, ಅವನದೇ. ಅವನಿರುವುದು ತಿಳವಳ್ಳಿಯಲ್ಲಿ, ಬೆಳೆಯುವುದು ಗೋವಿನಜೋಳ, ಓದುವುದು ಮಾತ್ರ ದಾವಣಗೆರೆ. ಆ ಊರಿನ ಚರಿತ್ರೆ, ಹತ್ತಿ ಗಿರಣಿ ಕಾರ್ಮಿಕರ ಸ್ಮರಣ ಸಂಚಿಕೆ, ಗರಡಿಮನೆಗಳ ಕಥೆ, ಮಂಡಕ್ಕಿ ಭಟ್ಟಿಗಳ ಕಥೆ, ಯಾವ ಸಂಘ ಯಾವ ಬೆಳ್ಳಿಹಬ್ಬಕ್ಕೆ ಏನನ್ನು ಅಚ್ಚು ಹಾಕಿಸಿದ್ದರೂ ಅದರ ಒಂದು ಪ್ರತಿ ತಿಳವಳ್ಳಿಗೆ ಬಂದೇ ಬರುತ್ತದೆ.

ಇದಕ್ಕೆ ಕಾರಣವಿದೆ. ನಮ್ಮಜ್ಜ ಅಲ್ಲಿಯ ಗಿರಣಿಯೊಂದರಲ್ಲಿ ದುಡಿಯುತ್ತಿದ್ದ. ಅಜ್ಜಿ ಗಿರಣಿ ಚಾಳಿನ ಮನೆಯ ಪಡಸಾಲೆಯಲ್ಲೇ ಖಾನಾವಳಿ ನಡೆಸುತ್ತಿದ್ದಳು. ಗಿರಣಿ ಮುಚ್ಚಿತು, ಅಜ್ಜ ಹೆಂಡತಿ ಮಕ್ಕಳೊಂದಿಗೆ ಊರಿಗೆ ಮರಳಿದ. ಆಗ ಮಾವ ಇನ್ನೂ ಚಡ್ಡಿ ಹಾಕುವ ವಯಸ್ಸಿನವನು. ಅವನಿಗೆ ಬೇಕಿರುವುದು ಇಷ್ಟೇ: ಯಾವುದಾದರೊಂದು ಪುಸ್ತಕದಲ್ಲಿ, ಯಾವುದಾದರೊಂದು ಸಾಲಿನಲ್ಲಿ, ತನ್ನ ಅವ್ವನ ಹೆಸರು.

‘ಮಾಲಕರ ಕುದುರಿ ಹೆಸರು ಐತಿ, ಕುದುರಿಗೆ ನಾಲ ಬಡದಂವನ ಹೆಸರು ಐತಿ. ದುಡದು ಬಂದವ್ರಿಗೆ ರೊಟ್ಟಿ ಬಡದು ಹಾಕಿದಾಕಿ ಹೆಸರಿಲ್ಲ. ಇದೆಂಥಾ ಇತಿಹಾಸ, ಹೇಳು?’ ಎಂದು ನನ್ನನ್ನೇ ಗದರುತ್ತಾನೆ. ನಾನು ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದವಳು ನೋಡಿ, ನಾಡಿನ ಸಮಸ್ತ ಇತಿಹಾಸಕಾರರ ತಪ್ಪಿಗೂ ನಾನೇ ಹೊಣೆ!

ಪುಸ್ತಕಗಳು ಇರುವುದು ಅಟ್ಟದ ಮೇಲೆ, ಬೀಜದ ಚೀಲಗಳ ಜಾಗದಲ್ಲಿ. ಬೀಜದ ಚೀಲಗಳು ಇರುವುದು ಹಿತ್ತಲ ತಗಡಿನ ಪತ್ರಾಸಿನ ಕೆಳಗೆ. ಒಂದು ಮಳೆಗಾಲದಲ್ಲಿ ಅತ್ತೆ ತಡೆಯಲಾರದೆ ಕೇಳಿದಳು.

‘ಏನ್ರಿ, ಬೀಜ ತೊಯ್ಯಾಕತ್ತಾವು. ನಿಮ್ಮ ದಾವಣಗೆರಿ ಮಾತ್ರ ಬೆಚ್ಚಗ ಮಲಗೇತಿ.’

‘ಬೀಜ ಮತ್ತ ಸಿಗ್ತಾವು. ಆ ಪುಸ್ತಕ ಎರಡನೇ ಸಲ ಅಚ್ಚಾಗಿಲ್ಲ.’

‘ಮೊದಲನೇ ಸಲದ್ದನ್ನ ಯಾರರ ಓದಿದ್ರ ಅಲ್ಲೇನ್ರಿ, ಎರಡನೇ ಸಲ ಅಚ್ಚಾಗೂದು?’

ಮಾವ ಅಂದು ಮಧ್ಯಾಹ್ನ ಉಣ್ಣಲಿಲ್ಲ. ಸಂಜೆ ಎರಡು ಹೊತ್ತಿನದನ್ನು ಒಟ್ಟಿಗೇ ಉಂಡ.

ಹಿರೇಕೆರೂರು ಬಸ್ ನಿಲ್ದಾಣದ ಪ್ರಸಂಗವನ್ನು ಹೇಳಲೋ ಬೇಡವೋ ಗೊತ್ತಾಗುತ್ತಿಲ್ಲ. ಅದು ಹಿರೇಕೆರೂರಿನಲ್ಲಿ ನಡೆದದ್ದೆಂದು ನನ್ನ ನೆನಪು. ನನ್ನದೇ ದಿನಚರಿ ತೆಗೆದು ನೋಡಿದರೆ ಹಾನಗಲ್ ಎಂದಿದೆ. ಮಾವನನ್ನು ಕೇಳಿದರೆ ಅಂಥದ್ದು ನಡೆದೇ ಇಲ್ಲ! ಎಲ್ಲಿಯಾದರೂ ಆಗಲಿ, ಬೆಂಚಿನ ಮೇಲೆ ಕುಳಿತಿದ್ದ ಒಬ್ಬರು ತಾವು ದಾವಣಗೆರೆಯವರೆಂದು ಬಾಯಿ ಬಿಟ್ಟರು. ಮುಗಿಯಿತು. ಮಾವ ಅವರ ಪಕ್ಕಕ್ಕೆ ಸರಿದು, ಅವರ ಮನೆಗೆ ಹೋಗುವ ದಾರಿಯನ್ನು ಅವರಿಗೇ ಹೇಳತೊಡಗಿದ. ಹತ್ತಿಯ ಅಂಡಿಗೆ ಮೂಟೆಗಳನ್ನು ಇಳಿಸುವ ಬಯಲು ದಾಟಿ, ಟಾಂಗಾ ನಿಲ್ಲುವಲ್ಲಿ ಎಡಕ್ಕೆ ಹೊರಳಿ, ಗಿರಣಿಯ ಚಿಮಣಿ ನೋಡಿಕೊಂಡು ನೆಟ್ಟಗೆ. ಆ ಬಯಲೂ ಇಲ್ಲ, ಟಾಂಗಾವೂ ಇಲ್ಲ, ಚಿಮಣಿಯಂತೂ ಇಲ್ಲವೇ ಇಲ್ಲ. ದಾರಿ ಕೇಳುತ್ತ ಕೂತ ಪುಣ್ಯಾತ್ಮರ ಬಸ್ಸೂ ಹೊರಟುಹೋಯಿತು.

‘ಯಜಮಾನ್ರೆ, ನೀವು ದಾವಣಗೆರೆ ಬಿಟ್ಟು ಎಷ್ಟು ವರ್ಷ ಆಯ್ತು?’ ಎಂದರು ಅವರು, ಸೋತ ದನಿಯಲ್ಲಿ.

‘ನಾ ಎಲ್ಲಿ ಬಿಟ್ಟೇನ್ರಿ?’ ಎಂದ ಮಾವ.

ಹತ್ತಿಮತ್ತೂರಿನ ಮದುವೆಗೆ ಮಾತ್ರ ಸಾಕ್ಷಿಗಳಿದ್ದಾರೆ. ನಮ್ಮ ಕಡೆ ಅಕ್ಷತೆ ಬಿದ್ದ ಮೇಲೆ ಬೀಗರು ಬಿಜ್ಜರು ಆಯಾರ ಮಾಡುತ್ತಾರೆ. ಯಾರು ಏನು ಉಡುಗೊರೆ ಕೊಟ್ಟರೆಂದು ಹಿರಿಯರೊಬ್ಬರು ಮೈಕಿನಲ್ಲಿ ಕೂಗಿ ಹೇಳುತ್ತಾರೆ. ಸೀರೆ, ಪಂಚೆ, ಕೊಡಪಾನ ಎಂದು ಸರಾಗವಾಗಿ ಸಾಗಿದ್ದ ಕೂಗು ಮಾವನ ಪೊಟ್ಟಣ ಬಿಚ್ಚಿದಾಗ ನಿಂತಿತು. ‘ತಿಳವಳ್ಳಿ ಮಾವನವರಿಂದ ಮದಲಿಂಗಗ...’ ಎಂದು ಹಿರಿಯರು ಕನ್ನಡಕ ಏರಿಸಿಕೊಂಡು ಪುಸ್ತಕದ ರಟ್ಟು ನೋಡಿದರು. ‘ದಾವಣಗೆರಿ, ಒಂದು.’

ಇಡೀ ಮಂಟಪ ನಗುತ್ತಿದ್ದಂತೆಯೇ ಮಾವ ಮೈಕು ಕಸಿದುಕೊಂಡ. ‘ಇಲ್ಲಿ ಯಾರರ ಹಿರ್ಯಾರು ನಮ್ಮವ್ವನ ಖಾನಾವಳ್ಯಾಗ ಉಂಡವ್ರಿದ್ರ, ದಯಮಾಡಿ ಊಟದ ಪೆಂಡಾಲಿನಾಗ ನನಗ ಭೆಟ್ಟಿ ಆಗ್ರಿ.’ ಊಟದ ಪೆಂಡಾಲಿಗೆ ಬನ್ನಿ ಎಂದರೆ ಯಾರು ತಾನೆ ಬರುವುದಿಲ್ಲ? ಮಂಟಪಕ್ಕೆ ಮಂಟಪವೇ ಬಂತು. ಅವರಲ್ಲಿ ಒಬ್ಬ ಮುದುಕರು, ‘ನಾ ಉಂಡೇನಿ, ಭಾರಿ ಊಟ’ ಎಂದು ಮಾವನ ಕೈ ಹಿಡಿದುಕೊಂಡರು. ಮಾವನ ಕಣ್ಣು ತುಂಬಿತು. ಪೂರ್ತಿ ವಿಚಾರಿಸಿದಾಗ ಅವರು ಉಂಡದ್ದು ಹುಬ್ಬಳ್ಳಿಯಲ್ಲಿ.

ಇಷ್ಟಕ್ಕೂ ಅಜ್ಜಿ ಏನನ್ನುತ್ತಾಳೆ? ಅವಳು ಇನ್ನೂ ಗಟ್ಟಿಯಾಗಿದ್ದಾಳೆ, ಕಟ್ಟೆಯ ಮೇಲೆ ಕೂತು ಮಗನ ಇತಿಹಾಸವನ್ನೆಲ್ಲ ಕೆಡವುವುದೇ ಅವಳ ಕೆಲಸ. ಗಿರಣಿ ಮುಷ್ಕರದಲ್ಲಿ ಅವ್ವ ಕಾರ್ಮಿಕರನ್ನೆಲ್ಲ ಕರೆಕರೆದು ಉಣಿಸಿದಳೆಂದು ಮಾವ ಹೇಳಿದರೆ, ‘ನಾ ಎಲ್ಲಿ ಕರದ್ನೋ? ಅವ್ರಽ ಬಂದು ಕುಂತ್ರು. ಏಳಲಿಲ್ಲ’ ಎನ್ನುತ್ತಾಳೆ. ಯಾರ ನೆನಪನ್ನು ನಂಬಬೇಕು? ನಾನಂತೂ ಇಬ್ಬರದನ್ನೂ ಅರ್ಧರ್ಧ ನಂಬುತ್ತೇನೆ. ನನ್ನದನ್ನು ಅದಕ್ಕಿಂತ ಕಡಿಮೆ.

ಕೊನೆಗೊಮ್ಮೆ ಮಾವನ ಕಾಟಕ್ಕೆ ಸೋತು, ದಾವಣಗೆರೆಯ ಜನಜೀವನದ ಬಗ್ಗೆ ಹೊಸ ಪುಸ್ತಕ ಬರೆಯುತ್ತಿದ್ದ ನಿವೃತ್ತ ಮೇಷ್ಟ್ರೊಬ್ಬರು ತಿಳವಳ್ಳಿಗೇ ಬಂದುಬಿಟ್ಟರು. ಮಾವ ಮುಂಚಿನ ವಾರವೆಲ್ಲ ಅಜ್ಜಿಗೆ ಪಾಠ ಮಾಡಿದ್ದ. ಮೇಷ್ಟ್ರು ಮೊಬೈಲಿನ ರೆಕಾರ್ಡರ್ ಒತ್ತಿ, ನಿಮ್ಮ ಅಡುಗೆಯ ವಿಶೇಷವೇನಮ್ಮ ಎಂದರು.

‘ಸಾರು ಭಾಳ ತೆಳ್ಳಗ ರೀ’ ಎಂದಳು ಅಜ್ಜಿ. ‘ತಾಟಿನಾಗ ಮಾರಿ ಕಾಣಸ್ತಿತ್ತು. ಹುಡುಗ್ರು ಅದನ್ನ ನೋಡ್ಕೋತ ತಲಿ ಬಾಚ್ಕೊಂಡು ಗಿರಣಿಗೆ ಹೋಗ್ತಿದ್ರು.’

‘ಯವ್ವಾ, ಸುಮ್ಕಿರಬೇ’ ಎಂದ ಮಾವ.

‘ನೀ ಸುಮ್ಕಿರು. ಅವ್ರು ನಿನ್ನ ಕೇಳಾಕತ್ತಿಲ್ಲ.’

ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. ‘ಇದೆಲ್ಲ ಪುಸ್ತಕದಲ್ಲಿ ಬರುತ್ತಮ್ಮ’ ಎಂದು ಹೇಳಿ ಹೋದರು. ಮಾವ ಮುಖ ಊದಿಸಿಕೊಂಡ. ಆದರೆ ವಿಚಿತ್ರವೆಂದರೆ, ಅದುವರೆಗೂ ಪುಸ್ತಕವೆಂದರೆ ಮೂಗು ಮುರಿಯುತ್ತಿದ್ದ ಅಜ್ಜಿ ಅಂದಿನಿಂದ ಅಂಚೆಯವನು ಸೈಕಲ್ಲಿನ ಮೇಲೆ ಕಂಡಾಗಲೆಲ್ಲ ಕೇಳತೊಡಗಿದಳು: ‘ನನ್ನ ಪುಸ್ತಕ ಬಂತೇನೋ?’

ಈ ಶ್ರಾವಣದಲ್ಲಿ ಬಂತು. ನಾನು ಅಲ್ಲೇ ಇದ್ದೆ. ಮಾವ ಕಟ್ಟೆಯ ಮೇಲೆ ಅಜ್ಜಿಯ ಪಕ್ಕ ಕೂತು ಪೊಟ್ಟಣ ಹರಿದ. ಬೆರಳಿಗೆ ಎಂಜಲು ಹಚ್ಚಿ ಮೊದಲಿನಿಂದ ಕೊನೆಯವರೆಗೆ ತಿರುವಿದ. ಮತ್ತೆ ಕೊನೆಯಿಂದ ಮೊದಲಿನವರೆಗೆ. ನಾನು ಅವನ ಬೆನ್ನ ಹಿಂದೆ ನಿಂತು ನೋಡುತ್ತಿದ್ದೆ. ಖಾನಾವಳಿಗಳ ಬಗ್ಗೆ ಇದ್ದದ್ದೇ ಅರ್ಧ ಪುಟ. ಅದರಲ್ಲಿ ಯಾರ ಹೆಸರೂ ಇರಲಿಲ್ಲ.

‘ಬಂದೈತೇನೋ?’ ಎಂದಳು ಅಜ್ಜಿ. ಅವಳಿಗೆ ಓದಲು ಬಾರದು.

ಮಾವ ಗಂಟಲು ಸರಿಮಾಡಿಕೊಂಡ. ‘ಬಂದೈತವ್ವ.’ ಯಾವುದೋ ಪುಟ ತೆಗೆದು ಓದತೊಡಗಿದ. ‘ಗಿರಣಿ ಕಾರ್ಮಿಕರ ಹಸಿವನ್ನು ಬಲ್ಲ ತಾಯಂದಿರಲ್ಲಿ ಮೊದಲು ನೆನೆಯಬೇಕಾದವರು...’ ಎಂದು ಶುರುಮಾಡಿ, ಅಜ್ಜಿಯ ಹೆಸರನ್ನು ತವರಿನ ಮನೆತನದ ಹೆಸರಿನ ಸಮೇತ ಹೇಳಿದ. ಅಷ್ಟು ಪುಸ್ತಕ ಓದಿದವನಿಗೆ ಪುಸ್ತಕದ ಭಾಷೆ ಬಾರದೇ? ಎಲ್ಲಿಯೂ ತಡವರಿಸಲಿಲ್ಲ.

‘ಸಾರಿಂದು ಬರದಾರೇನು?’

ಮಾವ ಪುಟ ತಿರುವಿದ. ‘ಬರದಾರವ್ವ. “ಅವರ ಸಾರು ಮಾತ್ರ ತೆಳ್ಳಗಿರುತ್ತಿತ್ತು.”’

‘ಹಾಂ. ಆ ಮಾಸ್ತರ ಖರೇ ಮನಶಾ. ಎಲ್ಲೈತಿ ನನ್ನ ಹೆಸರು? ತೋರ್ಸು.’

ಮಾವ ಅವಳ ತೋರುಬೆರಳು ಹಿಡಿದು ಒಂದು ಸಾಲಿನ ಮೇಲೆ ಇಟ್ಟ. ನಾನು ಬಗ್ಗಿ ನೋಡಿದೆ. ನಗರಸಭೆ ಚರಂಡಿ ದುರಸ್ತಿ ಮಾಡಿಸಿದ ವಿಷಯ ಅದು. ಅಜ್ಜಿ ಆ ಸಾಲಿನ ಮೇಲೆ ಬೆರಳನ್ನು ಮೆಲ್ಲಗೆ ಆಡಿಸಿದಳು. ಆಮೇಲೆ ಕತ್ತೆತ್ತಿ ನನ್ನ ಕಡೆ ನೋಡಿದಳು.

‘ನೀ ಕಲ್ತಾಕಿ. ನೀ ಹೇಳು. ಇದಽ ಏನು?’

ಮಾವ ನನ್ನತ್ತ ತಿರುಗಲಿಲ್ಲ.

‘ಹೌದಬೇ ಅಜ್ಜಿ’ ಎಂದೆ. ‘ಇದಽ.’

ಅಜ್ಜಿ ಬೆರಳನ್ನು ಅಲ್ಲಿಂದ ತೆಗೆಯಲಿಲ್ಲ.